ಬಳೆ ತೊಟ್ಟ ಕೈ

ಗ್ಲಾಸ್ಗೋದ ಮಳೆಯಲ್ಲಿ ಸಂಸಾರ ಹೂಡಿದವರು ಯಾವುದಾದರೊಂದು ಹುಚ್ಚು ಹಚ್ಚಿಕೊಳ್ಳದೆ ಗತ್ಯಂತರವಿಲ್ಲ. ನಮ್ಮ ಮನೆಯವರು ವಿಸ್ಕಿ ಹಚ್ಚಿಕೊಂಡರು, ನಾನು ಖಡ್ಗ. ವಿಸ್ಕಿ ಖಾಲಿಯಾಗುತ್ತದೆ, ಖಡ್ಗ ಉಳಿಯುತ್ತದೆ ಎಂಬ ನನ್ನ ಅರ್ಥಶಾಸ್ತ್ರಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಹಳೆಯ ಖಡ್ಗ ನಮ್ಮ ಕೈಗೆಟುಕುವಂಥದ್ದಲ್ಲ; ನಕಲೇ ಗತಿ. ‘ಬ್ರೇವ್‌ಹಾರ್ಟ್’ ನೋಡಿದವರೆಲ್ಲ ಮೊದಲು ಕೇಳುವುದು ಕ್ಲೇಮೋರ್. ಎರಡೂ ಕೈಯಲ್ಲಿ ಬೀಸುವ ಅದನ್ನು ನಿಲ್ಲಿಸಿದರೆ ನನ್ನ ಮೂಗಿಗೆ ಬರುತ್ತದೆ. ಬೇಡವೆಂದೆ. ಐರಿಷ್ ಕತ್ತಿಯ ಮೇಲೆ ಮನಸ್ಸಾಗಿತ್ತು. ಅದರ ಹಿಡಿಯ ತುದಿಯಲ್ಲೊಂದು ಟೊಳ್ಳು ಉಂಗುರ; ಅಲಗಿನ ಬಾಲ ಅದರ ನಡುವೆ ಹಾದುಹೋಗುವುದು ಕಣ್ಣಿಗೇ ಕಾಣುತ್ತದೆ. ಅಗ್ಗದ ನಕಲುಗಳಲ್ಲಿ ಈ ಬಾಲವನ್ನು ತೆಳ್ಳಗೆ ಮಾಡಿ ಹಿಡಿಯೊಳಗೆ ಮುಚ್ಚಿಬಿಡುತ್ತಾರೆ. ಜೋರಾಗಿ ಬೀಸಿದರೆ ಹಿಡಿ ನಮ್ಮ ಕೈಯಲ್ಲಿ, ಅಲಗು ಪಕ್ಕದ ಮನೆಯಲ್ಲಿ. ಆದರೆ ಕೊನೆಗೆ ಗೆದ್ದದ್ದು ಹದಿನೆಂಟನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿದ್ದ ಹೈಲ್ಯಾಂಡರ್‌ಗಳ ಕತ್ತಿ: ಮುಷ್ಟಿಯ ಸುತ್ತ ಉಕ್ಕಿನ ಪಟ್ಟಿಗಳ ಬುಟ್ಟಿ, ಒಳಗೆ ಕೆಂಪು ಬಟ್ಟೆಯ ಅಸ್ತರು. ಎದುರಾಳಿಯ ಏಟಿನಿಂದ ಬೆರಳು ಉಳಿಯಲೆಂದು ಈ ಏರ್ಪಾಡು.

ಪಾರ್ಸೆಲ್ ಬಂದದ್ದು ಶುಕ್ರವಾರ. ಕೈತುಂಬ ಹಸಿರು ಗಾಜಿನ ಬಳೆ. ಬುಟ್ಟಿಯೊಳಗೆ ಕೈ ತೂರಿಸಿ ಖಡ್ಗ ಮೇಲೆತ್ತಿದೆ. ಬಳೆಗಳು ಮೊಣಕೈ ಕಡೆ ಸರಿದು ದಾರಿ ಬಿಟ್ಟವು. ನಡುಮನೆಯ ಸೋಫಾದ ಮೇಲೆ ಬಿದ್ದಿದ್ದ ಶತ್ರುವಿಗೆ ತುದಿ ತೋರಿಸಿ ಖಡ್ಗ ಕೆಳಗಿಳಿಸಿದೆ ನೋಡಿ, ಅಷ್ಟೂ ಬಳೆ ಜಲಜಲನೆ ಇಳಿದು ಬುಟ್ಟಿಯೊಳಗೆ ಸೇರಿಕೊಂಡವು. ಕೈ ಹಿಂದಕ್ಕೆಳೆದರೆ ಬಳೆಗಳು ಪಟ್ಟಿಗಳ ನಡುವೆ ಅಡ್ಡಡ್ಡ ನಿಂತವು. ನಮ್ಮ ಕಡೆ ಗಂಡಸರು ಜಗಳಕ್ಕೆ ನಿಂತಾಗ “ನಾನೇನು ಕೈಗೆ ಬಳೆ ತೊಟ್ಕೊಂಡಿಲ್ಲ” ಅನ್ನುತ್ತಾರಲ್ಲ, ಆ ಮಾತಿನ ಹಿಂದೆ ಇಂಥದ್ದೊಂದು ತಾಂತ್ರಿಕ ಕಾರಣವಿರಬಹುದೆಂದು ನನಗೆ ಹೊಳೆದದ್ದು ಆಗಲೇ.

ಮನೆಯವರು ಕೊಬ್ಬರಿ ಎಣ್ಣೆ ತಂದರು. ಗ್ಲಾಸ್ಗೋದ ಚಳಿಗೆ ಅದು ಕಲ್ಲಾಗಿತ್ತು. ಅವರು ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಕಾಯುತ್ತಿರುವಾಗ ಚಿತ್ರದುರ್ಗದಿಂದ ಅತ್ತೆಯ ವಿಡಿಯೊ ಕಾಲ್. ಸೊಸೆಯ ಕೈಯಲ್ಲಿ ಮೂರಡಿ ಖಡ್ಗ ಕಂಡು ಅವರಿಗೆ ಏನೂ ಅನ್ನಿಸಲಿಲ್ಲ.

“ಬಳೆ ಒಡೆದುಬಿಡ್ಲಾ ಅತ್ತೆ?” ಎಂದೆ.

“ಶುಕ್ರವಾರ ಬಳೆ ಒಡೀತಾರೇನಮ್ಮ? ನಾಳೆ ತನಕ ಇಟ್ಕೊಂಡಿರು.”

ನಾಳೆ ತನಕ! ಎಡಗೈಯಲ್ಲಿ ಚಹಾ ಕುಡಿದೆ. ಬಾಗಿಲು ಬಡಿದ ಪಕ್ಕದ ಮನೆಯ ಅಜ್ಜಿಗೆ ಖಡ್ಗ ಬೆನ್ನ ಹಿಂದಿಟ್ಟು ನಮಸ್ಕಾರ ಹೇಳಿದೆ. ಅದರ ತುದಿ ನನ್ನ ತಲೆಯ ಮೇಲಿಂದ ಇಣುಕುತ್ತಿತ್ತಂತೆ. ಎಣ್ಣೆ ಕರಗಿ ಒಂದೊಂದೇ ಬಳೆ ಈಚೆ ಬರುವಷ್ಟರಲ್ಲಿ ಅಸ್ತರಿನ ಕೆಂಪು ನನ್ನ ಕೈಗೂ, ನನ್ನ ಎಣ್ಣೆ ಅಸ್ತರಿಗೂ ಹತ್ತಿತ್ತು.

ಇಷ್ಟು ಪಾಡುಪಟ್ಟು ಹಳೆಯ ಯುದ್ಧಗಳನ್ನು ಅಭಿನಯಿಸುವ ಗುಂಪಿಗೆ ಹೋದರೆ, ಅಲ್ಲಿನ ಮುಖಂಡ ಖಡ್ಗ ಮುಟ್ಟಿಯೂ ನೋಡದೆ “ಇದು ಅಸಲಿ ತರಹದ್ದಲ್ಲ, ಇಂಡಿಯಾದ್ದು” ಎಂದ. ಡೆಹ್ರಾಡೂನಿನಲ್ಲಿ ತಯಾರಾದದ್ದು ನಿಜ. ಆದರೆ ಅಸಲಿಯ ಕತೆ ಕೇಳಿ: ಹೈಲ್ಯಾಂಡರ್‌ಗಳು ಹಿಡಿಯುತ್ತಿದ್ದ ಅಲಗುಗಳು ಹೆಚ್ಚಾಗಿ ಜರ್ಮನಿಯವು. ಮೇಲೆ ಕೆತ್ತಿದ ಹೆಸರು ಆಂಡ್ರಿಯಾ ಫೆರಾರಾ ಎಂಬ ಇಟಲಿಯ ಕಮ್ಮಾರನದು. ಅವನು ಸತ್ತು ತಲೆಮಾರುಗಳು ಕಳೆದರೂ ಆ ಹೆಸರು ಕೆತ್ತುವುದು ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಪಾಲು ಬುಟ್ಟಿಯದು ಮಾತ್ರ. ಇದನ್ನೆಲ್ಲ ಹೇಳಿದ ನನಗೆ ಆತ ತನ್ನ ಅಂಗಿಯ ಹೊಲಿಗೆ ಎಷ್ಟು ಶುದ್ಧ ಎಂದು ತೋರಿಸಿದ. ಮಣಿಕಟ್ಟಿನಲ್ಲಿ ಡಿಜಿಟಲ್ ಗಡಿಯಾರ ಮಿನುಗುತ್ತಿತ್ತು.

ಅವರ ಅಭಿನಯವೆಲ್ಲ ಕಲೋಡನ್ನಿನದು. ರಾಜನ ವಿರುದ್ಧ ದಂಗೆಯೆದ್ದ ಹೈಲ್ಯಾಂಡರ್‌ಗಳನ್ನು ಸರ್ಕಾರದ ಸೈನ್ಯ 1746ರ ಏಪ್ರಿಲ್ 16ರಂದು ಗಂಟೆಯೊಳಗೆ ಸೋಲಿಸಿದ ಯುದ್ಧ; ಗಾಯಗೊಂಡು ಬಿದ್ದವರನ್ನೂ ಬಿಡದೆ ಕೊಂದರು. ಆಮೇಲೆ ಹೈಲ್ಯಾಂಡರ್‌ಗಳು ಆಯುಧ ಇಟ್ಟುಕೊಳ್ಳುವಂತಿಲ್ಲ, ತಮ್ಮ ಉಡುಪು ತೊಡುವಂತಿಲ್ಲ ಎಂದು ಕಾನೂನು ಬಂತು. ರಾಜನ ಸೈನ್ಯ ಸೇರಿದರೆ ಮಾತ್ರ ಅಡ್ಡಿಯಿಲ್ಲ. ಸೇರಿದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಮುಂದಾಳು ಸ್ಕಾಟ್ಲೆಂಡಿನ ಡೇವಿಡ್ ಬೇರ್ಡ್. ನನ್ನ ತವರು ಮಂಡ್ಯ. ಆ ರೆಜಿಮೆಂಟುಗಳ ಅಧಿಕಾರಿಗಳ ಸೊಂಟದಲ್ಲಿದ್ದ ಕತ್ತಿಯ ಜಾತಿಯದೇ ಈಗ ನನ್ನ ನಡುಮನೆಯ ಗೋಡೆಯ ಮೇಲಿದೆ. ಒಂದೊಂದು ಸಲ ಅದರ ಧೂಳು ಒರೆಸಲು ಮನಸ್ಸಾಗುವುದಿಲ್ಲ.

ಮುಖಂಡ ಮತ್ತೂ ಒಂದು ತೀರ್ಪು ಕೊಟ್ಟ: ಹೆಂಗಸರು ಖಡ್ಗ ಹಿಡಿಯುವಂತಿಲ್ಲ, ಬಿಡಾರದಲ್ಲಿ ಓಟ್ಸ್ ಗಂಜಿ ಕಾಯಿಸಬೇಕು. ಗಂಡ ಸರ್ಕಾರದ ಸೈನ್ಯದಲ್ಲಿದ್ದಾಗಲೇ ಎದುರು ಪಕ್ಷಕ್ಕೆ ದಂಡು ಕೂಡಿಸಿ ‘ಕರ್ನಲ್ ಆ್ಯನ್’ ಎನಿಸಿಕೊಂಡ ಆ್ಯನ್ ಮ್ಯಾಕಿಂಟಾಷ್ ಹೆಸರೆತ್ತಿದೆ. ಆಕೆಯೂ ಯುದ್ಧಭೂಮಿಗೆ ಇಳಿದಿರಲಿಲ್ಲ ಎಂದು ನನ್ನ ಕೈಗೆ ಮರದ ದೊಡ್ಡ ಸೌಟು ಕೊಟ್ಟ. ಸರಿ ಎಂದೆ. ಗಂಜಿ ತಿರುವುತ್ತ ನಮ್ಮ ಅತ್ತೆಯ ಊರಿನ ಓಬವ್ವನ ಕತೆಯನ್ನು, ಒನಕೆಯ ಉದ್ದ ಕೈಯಲ್ಲಿ ತೋರಿಸುತ್ತ, ಸಾವಕಾಶವಾಗಿ ಹೇಳಿದೆ. ಆವತ್ತಿನಿಂದ ಆತ ಗಂಜಿಗೆ ಉಪ್ಪು ಸಾಲದೆಂದರೂ ದೂರ ನಿಂತೇ ಹೇಳುತ್ತಾನೆ.