ಕೀಟನಾಶಕದ ಡಬ್ಬಿಯೂ ಚಾಸರನೂ

"ಎಂ.ಎ. ಯಾವುದ್ರಲ್ಲಿ?" ಎಂದು ಕೇಳಿದವರಿಗೆ "ಇಂಗ್ಲಿಷ್" ಎಂದು ನೋಡಿ. ಹಿಸ್ಟರಿ, ಸೋಷಿಯಾಲಜಿ ಓದಿದವನಿಗೆ "ಕೆಲ್ಸ ಸಿಕ್ತಾ?" ಎನ್ನುವವರೇ ಇಂಗ್ಲಿಷ್ ಓದಿದವನಿಗೆ "ಕುತ್ಕೊಳ್ಳಿ, ಕಾಫಿ ಕುಡೀತೀರಾ?" ಎನ್ನುತ್ತಾರೆ. ಈ ಮರ್ಯಾದೆ ಇಂಗ್ಲಿಷಿಗೆ ಸಲ್ಲತಕ್ಕದ್ದು, ಅದರ ಸಾಹಿತ್ಯಕ್ಕಲ್ಲ ಎಂಬುದು ಕಾಫಿ ಆರುವಷ್ಟರಲ್ಲಿ ಗೊತ್ತಾಗುತ್ತದೆ. ಅಲ್ಲಿ ಏನು ಓದಿಸುತ್ತಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕವನ, ನಾಟಕ, ಕಾದಂಬರಿ ಎಂದ ತಕ್ಷಣ ಎದುರಿನವರ ಮುಖ ಸಪ್ಪಗಾಗುತ್ತದೆ.

"ಕತೆ ಪುಸ್ತಕ ಓದಕ್ಕೂ ಯೂನಿವರ್ಸಿಟಿಗೆ ವೋಗ್ಬೇಕೇನ್ಲಾ?" ಎಂದು ನೇರವಾಗಿ ಕೇಳಿದವಳು ನಮ್ಮಜ್ಜಿ ಒಬ್ಬಳೇ. ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ರಾತ್ರಿಯಿಡೀ ಕೇಳಿ ಮುಕ್ಕಾಲು ಪಾಲು ಬಾಯಿಪಾಠ ಮಾಡಿಕೊಂಡಿದ್ದವಳು ಅವಳು. ಅದಕ್ಕಾಗಿ ಯಾರಿಗೂ ಫೀಸು ಕಟ್ಟಿರಲಿಲ್ಲ, ಹಾಲ್ ಟಿಕೆಟ್ ತಂದಿರಲಿಲ್ಲ.

ಅಜ್ಜಿಯ ಆಕ್ಷೇಪಣೆ ಸಾಮಾನ್ಯದ್ದಲ್ಲ ಎಂದು ತಿಳಿದದ್ದು ಮಾನಸಗಂಗೋತ್ರಿಗೆ ಸೇರಿದ ಮೇಲೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪದವಿ ಕೊಡಬೇಕೋ ಬೇಡವೋ ಎಂದು ಜಗಳ ಎದ್ದಾಗ, 1887ರಲ್ಲಿ, ಫ್ರೀಮನ್ ಎಂಬ ಇತಿಹಾಸದ ಪ್ರೊಫೆಸರು ಹೆಚ್ಚುಕಡಿಮೆ ಅಜ್ಜಿಯ ಮಾತನ್ನೇ ಆಡಿದ್ದರು. ಶೆಲ್ಲಿಯ ಬಗ್ಗೆ ಹರಟೆ ಹೊಡೆಯುವುದಕ್ಕೂ ಒಂದು ಪದವಿಯೇ ಎಂಬುದು ಅವರ ತಕರಾರು. ಕೊನೆಗೆ 1894ರಲ್ಲಿ ಅಲ್ಲಿ ಇಂಗ್ಲಿಷ್ ವಿಭಾಗವೇನೋ ಬಂತು, ಆದರೆ ಸಾವಿರ ವರ್ಷ ಹಳೆಯ ಇಂಗ್ಲಿಷನ್ನೂ ಅದರ ವ್ಯಾಕರಣವನ್ನೂ ಧಾರಾಳವಾಗಿ ಸುರಿದುಕೊಂಡೇ ಬಂತು. ಓದುವುದು ಖುಷಿ ಕೊಟ್ಟರೆ ಅದು ಓದೇ ಅಲ್ಲ ಎಂಬ ನಂಬಿಕೆ ಮೇಷ್ಟ್ರುಗಳಿಗೆ ಎಲ್ಲ ದೇಶದಲ್ಲೂ ಇರುವಂಥದು. ತಮಾಷೆಯೆಂದರೆ, ಅಷ್ಟು ಹೊತ್ತಿಗಾಗಲೇ 1857ರಲ್ಲಿ ಹುಟ್ಟಿದ ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಇಂಗ್ಲಿಷ್ ಕವಿಗಳ ಮೇಲೆ ಪ್ರಶ್ನೆಪತ್ರಿಕೆ ತೆಗೆದು ನಮ್ಮವರನ್ನು ಫೇಲು ಮಾಡುತ್ತ ಬಂದಿದ್ದವು. ಸ್ವಂತ ಭಾಷೆಯ ಕವಿಗಳಲ್ಲಿ ಫೇಲಾಗುವ ಭಾಗ್ಯ ಆಕ್ಸ್‌ಫರ್ಡಿನ ಹುಡುಗರಿಗೆ ತಡವಾಗಿ ಒದಗಿತು.

ನಮಗೆ ಹೆದರಿಕೆ ಇದ್ದದ್ದು ಫೊನೆಟಿಕ್ಸ್ ಪೇಪರಿನದು. ಲಂಡನ್ನಿನ ಡೇನಿಯಲ್ ಜೋನ್ಸ್ 1917ರಲ್ಲಿ ತಂದ ಉಚ್ಚಾರಣೆಯ ನಿಘಂಟನ್ನು ಮುಂದಿಟ್ಟುಕೊಂಡು, ನಾಲಿಗೆ ಎಲ್ಲಿ ತಾಗಬೇಕು, ತುಟಿ ಎಷ್ಟು ದುಂಡಗಾಗಬೇಕು ಎಂದು ಸಾಲುಸಾಲಾಗಿ ಕೂತು ಬಾಯಿ ತೆರೆದು ಮುಚ್ಚುತ್ತಿದ್ದೆವು. ಬೆಂಗಳೂರಿನ ಕಾನ್ವೆಂಟಿನಿಂದ ಬಂದವರಿಗೆ ಇದು ನೀರು ಕುಡಿದಷ್ಟು ಸುಲಭ. ಮಂಡ್ಯ ಕಡೆಯ ನಮಗೆ ಹಕಾರವೇ ಬದ್ಧವೈರಿ. ನಮ್ಮಲ್ಲಿ ಹಾಲು ಆಲಾಗುತ್ತದೆ, ಹಾಸನ ಆಸನವಾಗುತ್ತದೆ, ಮರದ ಮೇಲಿನ ಹಕ್ಕಿ ಅಕ್ಕಿಯಾಗಿ ಹಾರಿಹೋಗುತ್ತದೆ. ಆದರೆ 1913ರಲ್ಲಿ ಮೊದಲು ರಂಗಕ್ಕೆ ಬಂದ ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ಪಾಠಕ್ಕೆ ಬಂದ ದಿನ ನಮ್ಮ ಬೆಂಚಿಗೆ ಕಳೆ ಬಂತು. ಹೂ ಮಾರುವ ಎಲೈಜಾ ಕೂಡ ಹಕಾರ ನುಂಗುವವಳೇ! ಲಂಡನ್ನಿನ ಕಾಕ್ನಿ ಜನರೆಲ್ಲ ನಮ್ಮ ಕಡೆಯವರೇ. ಪ್ರೊಫೆಸರ್ ಹಿಗ್ಗಿನ್ಸ್ ಅವಳಿಗೆ ಕೊಡುವ ಹಿಂಸೆ ಏನೆಂದು ಕಾನ್ವೆಂಟಿನವರು ಪುಸ್ತಕದಲ್ಲಿ ಓದಿ ತಿಳಿದರು, ನಾವು ಫೊನೆಟಿಕ್ಸ್ ಕ್ಲಾಸಿನಲ್ಲೇ ತಿಳಿದಿದ್ದೆವು.

ಚಾಸರ್ ಕೂಡ ಹೀಗೇ ಹತ್ತಿರವಾದ. ಕ್ಯಾಂಟರ್ಬರಿಗೆ ಯಾತ್ರೆ ಹೊರಟವರು ದಾರಿ ಸವೆಸಲು ಕಥೆ ಹೇಳಿಕೊಳ್ಳುತ್ತಾರೆ. ಗಿರಣಿಯವನು, ಅಡುಗೆಯವನು, ಐದು ಗಂಡಂದಿರನ್ನು ಕಂಡ ಜೋರಿನ ಹೆಂಗಸು, ಹಣದಾಸೆಯ ಧರ್ಮಾಧಿಕಾರಿ, ಎಲ್ಲರೂ ಒಂದೇ ಗುಂಪಿನಲ್ಲಿ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಿಷೆಯೇ ಇದು! ಭಾಷೆ ಆರುನೂರು ವರ್ಷ ಹಳೆಯದಾದರೂ ಆ ಜನ ನಮಗೆ ಗುರುತಿನವರು.

ಹ್ಯಾಮ್ಲೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಸೇಡು ತೀರಿಸಿಕೊಳ್ಳಲು ಯಾಕೆ ತಡ ಮಾಡಿದ ಎಂಬ ಪ್ರಶ್ನೆ ಪರೀಕ್ಷೆಗೆ ಗ್ಯಾರಂಟಿ. ಅದಕ್ಕೆ ಬ್ರಾಡ್ಲಿಯವರು 1904ರಲ್ಲೇ ವಿಸ್ತಾರವಾಗಿ ಉತ್ತರ ಬರೆದಿಟ್ಟಿದ್ದಾರೆ, ಗೈಡಿನವರು ಅದನ್ನು ಎರಡು ಪುಟಕ್ಕೆ ಇಳಿಸಿಕೊಟ್ಟಿದ್ದಾರೆ. ಹ್ಯಾಮ್ಲೆಟ್ ಎಷ್ಟು ಬೇಕಾದರೂ ತಡ ಮಾಡಬಹುದು. ನಾವು ತಡ ಮಾಡಿದರೆ ಮಾತ್ರ ಇನ್‌ವಿಜಿಲೇಟರು ಉತ್ತರಪತ್ರಿಕೆ ಕಿತ್ತುಕೊಳ್ಳುತ್ತಿದ್ದರು.

ಇಂಗ್ಲಿಷ್ ಓದಿದವರು ಕನ್ನಡಕ್ಕೆ ಏನು ಮಾಡಿದರು ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಇಂಗ್ಲಿಷ್ ಕಲಿಸಿದ ಸಂಬಳದಲ್ಲಿ ಕನ್ನಡ ಬರೆಯುವುದು ಇಲ್ಲಿನ ಹಳೆಯ ಕಸುಬು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿದರು. ಅಡಿಗರೂ ಲಂಕೇಶರೂ ಇಂಗ್ಲಿಷ್ ಮೇಷ್ಟ್ರುಗಳೇ. ಇಂಗ್ಲಿಷಿನಲ್ಲಿ ಪಿಎಚ್.ಡಿ. ಮಾಡಲು ಬರ್ಮಿಂಗ್‌ಹ್ಯಾಮಿಗೆ ಹೋದ ಅನಂತಮೂರ್ತಿಯವರು, ಅಲ್ಲಿ ಸಬ್‌ಟೈಟಲ್ ಇಲ್ಲದ ಒಂದು ಸ್ವೀಡಿಶ್ ಸಿನಿಮಾ ನೋಡಿ, ಕನ್ನಡದಲ್ಲಿ 'ಸಂಸ್ಕಾರ' ಬರೆದರು. ಅದನ್ನು 1976ರಲ್ಲಿ ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಕೂಡ ಮೈಸೂರಿನಲ್ಲಿ ಇಂಗ್ಲಿಷ್ ಓದಿದವರೇ. ಈಗ ಎಂ.ಎ. ತರಗತಿಗಳಲ್ಲಿ ಕನ್ನಡದ ಮಕ್ಕಳು ಆ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿ, ಕ್ಯಾಂಟೀನಿನಲ್ಲಿ ಕನ್ನಡದಲ್ಲಿ ಚರ್ಚಿಸಿ, ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಾರೆ.

ಊರಿನವರಿಗೆ ಇದೆಲ್ಲ ಬೇಕಿಲ್ಲ. ಅವರಿಗೆ ಬೇಕಾದದ್ದು ಬ್ಯಾಂಕಿನ ನೋಟೀಸು ಓದುವವನು, ಕರೆಂಟಿನವರಿಗೆ ಅರ್ಜಿ ಬರೆದುಕೊಡುವವನು. ಒಂದು ದಿನ ಚಿಕ್ಕಪ್ಪ ಕೀಟನಾಶಕದ ಡಬ್ಬಿ ಹಿಡಿದುಕೊಂಡು ಬಂದರು. "ಇದ ಓದ್ಲಾ, ಎಷ್ಟು ಜೋರೈತೆ ನೋಡು." ಸಾಸಿವೆಗಿಂತ ಸಣ್ಣ ಅಕ್ಷರ, ಅರ್ಧ ರಸಾಯನಶಾಸ್ತ್ರ, ಇನ್ನರ್ಧ ಕಾನೂನು. ನಾನು ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿನ ಹೆಸರನ್ನು ಡೇನಿಯಲ್ ಜೋನ್ಸರು ಮೆಚ್ಚುವ ಹಾಗೆ ಉಚ್ಚರಿಸುತ್ತಿರುವಾಗಲೇ, ಔಷಧಿ ಹೊಡೆಯಲು ಬಂದಿದ್ದ ಆಳು ಡಬ್ಬಿಯತ್ತ ಬಗ್ಗಿ, "ತ್ರಿಕೋನ ಅಳದಿ ಐತೆ ಕಣಣ್ಣೋ. ಕೆಂಪಾಗಿದ್ರೆ ಭಾರಿ ಇಸ, ಅಳದಿ ಅದಕ್ಕೊಂದು ಕೈ ಕಮ್ಮಿ, ಆಮೇಲೆ ನೀಲಿ, ಅಸ್ರು. ಬಾಯಿಗೆ ಬಟ್ಟೆ ಕಟ್ಕೋಬೇಕು" ಎಂದ. ಅವನು ಹೇಳಿದ್ದು ಅಕ್ಷರಶಃ ಸರಿ. ನಮ್ಮ ದೇಶದ ಕೀಟನಾಶಕದ ಡಬ್ಬಿಗಳಲ್ಲಿ ವಿಷದ ಅಳತೆಯನ್ನು ಆ ನಾಲ್ಕು ಬಣ್ಣಗಳಲ್ಲೇ ತೋರಿಸುತ್ತಾರೆ. ಚಿಕ್ಕಪ್ಪ ಡಬ್ಬಿಯನ್ನು ಅವನ ಕೈಗೆ ಕೊಟ್ಟು, "ನಮ್ಮುಡುಗ ದೊಡ್ ಇಂಗ್ಲಿಷ್ ಓದವ್ನೆ, ಇವೆಲ್ಲ ಚಿಲ್ರೆ ಇಂಗ್ಲಿಷು" ಎಂದು ನನ್ನ ಮಾನ ಕಾಪಾಡಿದರು.

ಆದ್ದರಿಂದ ನಿಮ್ಮ ಮನೆಯಲ್ಲಿ ಮಗನೋ ಮಗಳೋ ಇಂಗ್ಲಿಷ್ ಎಂ.ಎ. ಸೇರುತ್ತೇನೆ ಎಂದರೆ ತಡೆಯಬೇಡಿ, ಖಂಡಿತ ಸೇರಿಸಿ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಮಾತ್ರ ಬೇರೆಯಾಗಿ ದುಡ್ಡು ಎತ್ತಿಡಿ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.