ನನ್ನ ಉದ್ಯೋಗ ಪರ್ವ

ಬ್ಯಾರನೆಸ್ ಅವರ ಹಡಪದವನಾಗಿ ನನ್ನ ನೇಮಕವಾಗಿದೆ ಎಂದು ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಸಂಬಳ ಎಷ್ಟು?" ಇಲ್ಲ ಎಂದೆ. "ಹೆಲ್ತ್ ಇನ್ಶೂರೆನ್ಸು?" ಅದೂ ಇಲ್ಲ, ಇದು ಗೌರವದ ಹುದ್ದೆ ಎಂದೆ. "ಹಾಗಾದ್ರೆ ಮನೇಲಿ ಮಾಡ್ತಿರೋ ಕೆಲಸಾನೇ ಅಲ್ವೇನ್ರೀ ಇದು" ಎನ್ನುತ್ತ ಒಗ್ಗರಣೆಗೆ ಸಾಸಿವೆ ಹಾಕಿದಳು. ಚಟಪಟ ಸದ್ದಿನಲ್ಲಿ ನನ್ನ ಉತ್ತರ ಯಾರಿಗೂ ಕೇಳಿಸಲಿಲ್ಲ. ಉತ್ತರವೂ ಅಂಥದ್ದೇನಿರಲಿಲ್ಲ ಬಿಡಿ.

ಹಡಪ ಎಂದರೆ ಎಲೆ ಅಡಿಕೆಯ ಚೀಲ. ಅದನ್ನು ಹಿಡಿದು ಒಡೆಯರ ಪಕ್ಕದಲ್ಲಿ ನಿಲ್ಲುವವನು ಹಡಪದವನು. ಬಸವಣ್ಣನವರ ಬಳಿ ಹಡಪದ ಅಪ್ಪಣ್ಣನವರಿದ್ದರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಹೊನ್ನಮ್ಮ ಇದ್ದಳು. ಅಪ್ಪಣ್ಣನವರು ವಚನ ಬರೆದರು, ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಈ ಪರಂಪರೆಯಲ್ಲಿ ಚೀಲ ಹಿಡಿಯುವುದನ್ನು ಬಿಟ್ಟು ಬೇರೇನೂ ಮಾಡದವನು ನಾನೊಬ್ಬನೇ ಇರಬೇಕು.

ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ನೌಕರನಿಗೆ ಬ್ಯಾರನೆಸ್ ಎಲ್ಲಿ ಸಿಕ್ಕಿದರು ಎಂದು ನೀವು ಕೇಳಬಹುದು. 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ' ಅಂತ ಒಂದು ಸಂಘವಿದೆ. 1966ರ ಮೇ 1ರಂದು ಬರ್ಕ್ಲಿಯಲ್ಲಿ ಡಯಾನಾ ಪ್ಯಾಕ್ಸನ್ ಎಂಬ ಲೇಖಕಿಯ ಮನೆಯ ಹಿತ್ತಲಲ್ಲಿ ಕೆಲವರು ಸೇರಿ, ಹಳೇ ಕಾಲದ ವೇಷ ತೊಟ್ಟು, ಕತ್ತಿವರಸೆ ಆಡಿ, ಕೊನೆಗೆ ಇಪ್ಪತ್ತನೇ ಶತಮಾನಕ್ಕೆ ಧಿಕ್ಕಾರ ಕೂಗುತ್ತ ಟೆಲಿಗ್ರಾಫ್ ಅವೆನ್ಯೂದಲ್ಲಿ ಮೆರವಣಿಗೆ ಹೊರಟರಂತೆ. ಆಮೇಲೆ ಪಾರ್ಕು ಕಾದಿರಿಸುವಾಗ ಸಂಘಕ್ಕೊಂದು ಹೆಸರು ಬೇಕಾಗಿ, ಆ ಉದ್ದನೆಯ ಹೆಸರು ಹುಟ್ಟಿತು. ಈಗ ಅವರದು ಪ್ರಪಂಚದ ತುಂಬ ರಾಜ್ಯಗಳು. ನಾವಿರುವ ಉತ್ತರ ಕ್ಯಾಲಿಫೋರ್ನಿಯಾ ವೆಸ್ಟ್ ಕಿಂಗ್‌ಡಮ್ಮಿಗೆ ಸೇರಿದ್ದು. 1600ಕ್ಕಿಂತ ಹಿಂದಿನ ಯಾವುದಾದರೂ ಕಾಲ, ಯಾವುದಾದರೂ ದೇಶವನ್ನು ಆರಿಸಿಕೊಂಡು ವಾರಾಂತ್ಯಗಳಲ್ಲಿ ಅಲ್ಲಿಯವರಾಗಿ ಬದುಕಬಹುದು. ರಾಜನಾಗಬೇಕಾದರೆ ಮಾತ್ರ ಕಣದಲ್ಲಿ ಹೊಡೆದಾಡಿ ಗೆಲ್ಲಬೇಕು. ಗೆದ್ದವನು ಕೆಲವೇ ತಿಂಗಳು ಆಳಿ ಕಿರೀಟ ಬಿಟ್ಟುಕೊಡಬೇಕು. ನಮ್ಮ ಕನ್ನಡ ಕೂಟಗಳ ಅಧ್ಯಕ್ಷ ಸ್ಥಾನಕ್ಕೂ ಇದೇ ಪದ್ಧತಿ ತಂದರೆ ಎಷ್ಟೋ ಇಮೇಲುಗಳು ಉಳಿದಾವು.

ಹೊಡೆದಾಟವೆಂದರೆ ನಾಟಕದ್ದಲ್ಲ, ನಿಜವಾದದ್ದೇ. ಕತ್ತಿ ಮಾತ್ರ ಬೆತ್ತದ್ದು, ಮೇಲೆ ಡಕ್ಟ್ ಟೇಪು ಸುತ್ತಿರುತ್ತಾರೆ. ತಲೆಗೆ ಉಕ್ಕಿನ ಶಿರಸ್ತ್ರಾಣ. ಹಾಸನದ ಸರ್ಕಾರಿ ಶಾಲೆಯಲ್ಲಿ ಶಿರಸ್ತ್ರಾಣವಿಲ್ಲದೆಯೇ ಬೆತ್ತವನ್ನು ಎದುರಿಸಿದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದೆನಿಸಿದ್ದು ಅವರ ನಿಯಮ. ಏಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ತೀರ್ಮಾನಿಸುವವನು ಏಟು ತಿಂದವನೇ! ಪಂಚಾಯ್ತಿ ಇಲ್ಲ. ಕಾಲಿಗೆ ಬಿತ್ತೆಂದರೆ ತಾನಾಗಿಯೇ ಮಂಡಿಯೂರಿ ಕಾದಾಡುತ್ತಾನೆ, ಕೈಗೆ ಬಿತ್ತೆಂದರೆ ಆ ಕೈಯನ್ನು ಬೆನ್ನ ಹಿಂದಿಟ್ಟುಕೊಳ್ಳುತ್ತಾನೆ, ತಲೆಗೆ ಬಿದ್ದರೆ "ಗುಡ್" ಎಂದು ಹೊಡೆದವನನ್ನೇ ಮೆಚ್ಚಿ ಸತ್ತು ಬೀಳುತ್ತಾನೆ. ಈ ನಿಯಮವನ್ನು ಮನೆಯಲ್ಲೂ ಪಾಲಿಸೋಣವೆಂದು ನಾನು ಸೂಚಿಸಿದೆ. "ಪಾಲಿಸೋಣ, ನೀವು ಸಾಯ್ತಾ ಇರಿ" ಎಂದಳು.

ನನ್ನನ್ನು ಅಲ್ಲಿಗೆ ಎಳೆದೊಯ್ದವನು ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಸಹೋದ್ಯೋಗಿ. ಶುಕ್ರವಾರ ಸಂಜೆಯಿಂದ ಅವನು ವೈಕಿಂಗ್. ನೀನು ಯಾವ ನಾಡಿನವನಾಗುತ್ತೀ ಎಂದ. ಯೋಚಿಸುವುದೇನು, ವಿಜಯನಗರ! 1336ರಿಂದ 1565ರವರೆಗಿನ ವೈಭವ, ನಿಯಮಕ್ಕೂ ಸರಿಹೊಂದುತ್ತದೆ. ರಾಯಭಾರಿಯ ಹುದ್ದೆಯ ಮೇಲೆ ನನಗೆ ಕಣ್ಣು. ಬ್ಯಾರನೆಸ್ ಅವರ ಡೇರೆಯಲ್ಲಿ ಅವಕಾಶ ಸಿಕ್ಕಿದ್ದೇ ತಡ, 1443ರಲ್ಲಿ ಅಬ್ದುರ್ ರಜಾಕ್ ಹೆರಾತಿನಿಂದ ಎರಡನೇ ದೇವರಾಯನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದದ್ದು, ರಾಯರು ವೀಳ್ಯ, ಕರ್ಪೂರ ಕೊಟ್ಟು ಅವನನ್ನು ಸತ್ಕರಿಸಿದ್ದು, ಆ ವೀಳ್ಯದ ಗುಣಗಳನ್ನು ಆತ ಊರಿಗೆ ಹೋಗಿ ಬಾಯ್ತುಂಬ ಬರೆದದ್ದು ಎಲ್ಲವನ್ನೂ ವಿಸ್ತಾರವಾಗಿ ವಿವರಿಸಿದೆ. ವೀಳ್ಯದ ಮೇಲೆ ಸ್ವಲ್ಪ ಹೆಚ್ಚೇ ಮಾತಾಡಿದೆ ಅಂತ ಕಾಣುತ್ತದೆ. ವಾರದ ಐದು ದಿನ ಜನರ ಹಲ್ಲು ಕೀಳುವ ವೈದ್ಯೆ ಆ ಮಹಾತಾಯಿ. ಕಿವಿಗೊಟ್ಟು ಕೇಳಿ, "ಚೆನ್ನಾಗಿದೆ, ಆ ಚೀಲ ಹಿಡಿಯುವ ಕೆಲಸ ನಿನಗೇ ಇರಲಿ" ಎಂದರು. ಡೇರೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಂಘದ ಯಾವ ದಫ್ತರಿನಲ್ಲೂ ಇಲ್ಲದ ಹುದ್ದೆ ಅದು, ತಮಾಷೆಗೆ ಕೊಟ್ಟದ್ದು. ತಮಾಷೆಗೆ ಕೊಟ್ಟದ್ದನ್ನು ಗಂಭೀರವಾಗಿ ತೆಗೆದುಕೊಳ್ಳುವುದು ನಮ್ಮ ವಂಶದ ಗುಣ.

ಹುದ್ದೆಗೆ ತಕ್ಕ ವೇಷ ಬೇಡವೇ? ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆಯ ಮೇಲೆ ಉದ್ದನೆಯ ಟೋಪಿ ಇದೆಯಲ್ಲ, ಆ ಕುಲ್ಲಾಯಿ ನನಗೂ ಬೇಕೆಂದೆ. ಹೆಂಡತಿ ಹಳೇ ಸೀರೆಯ ಜರಿ ಅಂಚು ಕತ್ತರಿಸಿ, ಒಳಗೆ ಸೀರಿಯಲ್ ಡಬ್ಬದ ರಟ್ಟು ಇಟ್ಟು ಹೊಲಿದುಕೊಟ್ಟಳು. ಮಗ ನೋಡಿ, "ಅಪ್ಪ, ಥೇಟ್ ಕುಲ್ಫಿ ಅಚ್ಚಿನ ಹಾಗಿದೆ" ಎಂದ. ಅವನಿಗೆ ನನ್ನ ಪಕ್ಕದಲ್ಲಿ ಕಾಳಂಜಿ ಹಿಡಿಯುವ ಹುದ್ದೆ ಕೊಡಿಸಬೇಕೆಂದಿದ್ದೆ. ಕಾಳಂಜಿ ಎಂದರೆ ರಾಯರು ಉಗುಳುವ ಪಾತ್ರೆ ಎಂದು ತಿಳಿದ ಮೇಲೆ ಅವನಿಗೆ ದಿಢೀರನೆ ಹೋಮ್‌ವರ್ಕ್ ನೆನಪಾಯಿತು.

ಬಿರುದೂ ಒಂದಿರಲಿ ಎಂದು ಹುಡುಕಿದೆ. 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬುದು ವಿಜಯನಗರದ ಅರಸರ ಬಿರುದು. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಂಡಿಸುವವನು ಎಂದು ಅರ್ಥ ಹೇಳಿದೆ. ಹೆಂಡತಿ ಸೂಜಿ ಕೆಳಗಿಟ್ಟು, "ಯುಗಾದಿಗೆ ಗ್ಯಾರೇಜು ಕ್ಲೀನ್ ಮಾಡ್ತೀನಿ ಅಂದಿದ್ರಲ್ಲ, ಈಗ ದೀಪಾವಳಿ" ಎಂದಳು. ಬಿರುದಿಲ್ಲದೆಯೇ ಹೊರಟೆ.

ನಿಜವಾದ ತ್ಯಾಗವೆಲ್ಲ ಅಡುಗೆಮನೆಯಲ್ಲಿ. ನಾನಾಗಿ ಹೇರಿಕೊಂಡ ನಿಯಮವೆಂದರೆ, ದೇವರಾಯನ ಕಾಲದಲ್ಲಿ ಇಲ್ಲದ್ದನ್ನು ಬುತ್ತಿಗೆ ಕಟ್ಟುವಂತಿಲ್ಲ. ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು, ಆಚೆಗಿಡು. ಟೊಮ್ಯಾಟೊ, ಆಲೂಗಡ್ಡೆ ಅಮೆರಿಕದವು, ಆಚೆಗಿಡು. "ಅಮೆರಿಕದಲ್ಲಿ ಕೂತ್ಕೊಂಡು ಅಮೆರಿಕದ್ದು ಬೇಡ ಅಂತಿದ್ದೀರಲ್ರೀ" ಎಂದಳು. ಇಡ್ಲಿಗೆ ಅಡ್ಡಿಯಿಲ್ಲ. 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆ ಇದೆ, ಹತ್ತನೇ ಶತಮಾನದ್ದು. ಕಾಳುಮೆಣಸಿನ ಸಾರೂ ಆದೀತು. ಆದರೆ ಕಾಫಿ? ಬಾಬಾ ಬುಡನ್ನರು ಬೀಜ ತಂದರೆನ್ನುವುದು ಹದಿನೇಳನೇ ಶತಮಾನದ ಮಾತು. ಅಂದರೆ ಕೃಷ್ಣದೇವರಾಯ ಇಡೀ ಸಾಮ್ರಾಜ್ಯವನ್ನು ಒಂದು ಲೋಟ ಕಾಫಿಯಿಲ್ಲದೆ ಆಳಿದ್ದಾನೆ! ಬೆಳಿಗ್ಗೆ ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದನಂತೆ, ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಇದನ್ನು ಹೆಂಡತಿಯ ಎದುರು ಹೇಳಬಾರದಿತ್ತು. ಮರುದಿನ ಎಳ್ಳೆಣ್ಣೆ ಬಾಟಲಿ ಮೇಜಿನ ಮೇಲಿತ್ತು. ಕೊನೆಗೆ ತಾಮ್ರದ ಚೆಂಬಿನಲ್ಲಿ ಫಿಲ್ಟರ್ ಕಾಫಿ ಕದ್ದೊಯ್ದು ಡೇರೆಯ ಹಿಂದೆ ಹೋದರೆ, ಅಲ್ಲಿ ವೈಕಿಂಗು ಕೊಂಬಿನ ಬಟ್ಟಲಲ್ಲಿ ಕಾಫಿ ಹೀರುತ್ತಿದ್ದ. ಇಬ್ಬರೂ ಮಾತಾಡಲಿಲ್ಲ.

ಇನ್ನು ವೀಳ್ಯ. ಸನಿವೇಲ್‌ನ ಇಂಡಿಯನ್ ಅಂಗಡಿಯಲ್ಲಿ ಎಲೆ ಸಿಗುತ್ತದೆ. ಮಡಿಸುವ ವಿದ್ಯೆ ಸಿಗುವುದಿಲ್ಲ. ಅಮ್ಮ ಹಾಸನದಿಂದ ವಿಡಿಯೋ ಕಾಲಿನಲ್ಲಿ ಪಾಠ ಮಾಡಿದಳು: "ತೊಟ್ಟು ಮುರಿಯೋ. ಬೆನ್ನಿನ ನರ ತೆಗಿ. ಒದ್ದೆ ಬಟ್ಟೇಲಿ ಒರೆಸು. ಸುಣ್ಣ ಅಷ್ಟಲ್ಲ, ಕಡ್ಲೆಕಾಳಿನ ಅರ್ಧ. ಬೆರಳಲ್ಲಿ ಸವರೋ, ಗೋಡೆಗೆ ಬಳಿಯೋ ಹಾಗೆ ಬಳೀಬೇಡ." ನನ್ನ ಮೊದಲ ಬೀಡಾ ತಿಂದ ವೈಕಿಂಗ್ ಯಾವ ಯುದ್ಧದಲ್ಲೂ ಕೂಗದ ಹಾಗೆ ಕೂಗಿದ. ಬ್ಯಾರನೆಸ್ ಅವರು ವೃತ್ತಿಧರ್ಮಕ್ಕೆ ಕಟ್ಟುಬಿದ್ದು ಅಡಿಕೆಗೆ ಸ್ಪಷ್ಟವಾಗಿ ನಿಷೇಧ ಹಾಕಿದರು. ಸುಣ್ಣಕ್ಕೂ ಹಾಕಿದರು. ಉಳಿದದ್ದು ಗುಲ್ಕಂದು, ಏಲಕ್ಕಿ, ಮೇಲೊಂದು ಲವಂಗದ ಚುಚ್ಚು. ಬಾಯಿ ಕೆಂಪಾಗದ ಆ ವೀಳ್ಯವನ್ನೇ ಬೆಳ್ಳಿ ತಟ್ಟೆಯಲ್ಲಿಟ್ಟು, ಬಾಗಿ, ಎರಡೂ ಕೈಯಲ್ಲಿ ನೀಡುತ್ತಿದ್ದೆ. ಬಾಗಿದಾಗಲೆಲ್ಲ ಕುಲ್ಲಾಯಿ ತಟ್ಟೆಗೆ ಬೀಳುತ್ತಿತ್ತು. ಆಸ್ಥಾನ ಅದಕ್ಕಾಗಿಯೇ ಕಾಯುತ್ತಿತ್ತು ಎಂದು ಆಮೇಲೆ ತಿಳಿಯಿತು.

ಇಷ್ಟರಲ್ಲಿ, "ನಿಮ್ಮ ಮರ್ಯಾದೆ ಎಲ್ಲಿವರೆಗೂ ಹೋಗುತ್ತೆ ನೋಡೋಣ" ಎಂದು ಹೆಂಡತಿಯೂ ಒಮ್ಮೆ ಬಂದಳು. ಕಣದ ಅಂಚಿನಲ್ಲಿ ನೀರು ಕೊಡುವವರು ಇರುತ್ತಾರೆ. ಬಿಸಿಲಲ್ಲಿ ಉಕ್ಕು ತೊಟ್ಟು ಬೆವರುವವರಿಗೆ ಉಪ್ಪು ಬೇಕೆಂದು ಉಪ್ಪುನೀರಲ್ಲಿ ನೆನೆಸಿದ ಸೌತೆಕಾಯಿ, ಜೊತೆಗೆ ಕಿತ್ತಳೆ ಹೋಳು ಕೊಡುತ್ತಾರೆ. ಇವಳು ಅದನ್ನು ನೋಡಿ, "ಇದಕ್ಕೇನು, ರಾಮನವಮಿ ಮಾಡಿಬಿಟ್ರಾಯ್ತು" ಎಂದಳು. ಮುಂದಿನ ಸಲ ದೊಡ್ಡ ಕೊಳಗದಲ್ಲಿ ನೀರುಮಜ್ಜಿಗೆ: ಉಪ್ಪು, ಶುಂಠಿ, ಇಂಗು, ಕರಿಬೇವು. ಹಸಿಮೆಣಸಿನಕಾಯಿ ಇಲ್ಲ, ನನ್ನ ನಿಯಮಕ್ಕೆ ಅವಳು ಕೊಟ್ಟ ಒಂದೇ ರಿಯಾಯಿತಿ. ಮೊದಲು ಮೂಸಿ ನೋಡಿ ಹಿಂಜರಿದವರು ಆಮೇಲೆ ಸಾಲುಗಟ್ಟಿದರು. ಕಾಲು ಕಳೆದುಕೊಂಡು ಮಂಡಿಯ ಮೇಲಿದ್ದ ಒಬ್ಬ ನೈಟು, ಕಾದಾಟ ಮುಗಿದದ್ದನ್ನೂ ಮರೆತು, ಮಂಡಿಯಲ್ಲೇ ತೆವಳಿಕೊಂಡು ಕೊಳಗದ ಹತ್ತಿರ ಬಂದ.

ಇವಳ ಹೆಸರನ್ನು ಶಿಫಾರಸು ಮಾಡಿ ಯಾರೋ ರಾಜನಿಗೆ ಪತ್ರ ಬರೆದರು. ಯಾರು ಬೇಕಾದರೂ ಹಾಗೆ ಬರೆಯಬಹುದು. ಬರೆದವನು ಗಂಡನಲ್ಲ ಎಂಬುದನ್ನು ನನಗೆ ಆಗಾಗ ನೆನಪಿಸಲಾಗುತ್ತದೆ. ಮುಂದಿನ ದರ್ಬಾರಿನಲ್ಲಿ ಹೆರಾಲ್ಡ್, ಅಂದರೆ ಹೊಗಳುಭಟ್ಟ ಮತ್ತು ಗುಮಾಸ್ತ ಎರಡೂ ಆದವನು, ಇವಳ ಹೆಸರು ಕೂಗಿದ. 'ಅವಾರ್ಡ್ ಆಫ್ ಆರ್ಮ್ಸ್' ಎಂಬ ಮನ್ನಣೆ, ಕೈಯಿಂದ ಬಣ್ಣ ತುಂಬಿದ ಸನ್ನದು, 'ಲೇಡಿ' ಎಂಬ ಪದವಿ. ಸಂಘದ ದಾಖಲೆಯಲ್ಲಿ ಶಾಶ್ವತವಾಗಿ ಇರುವಂಥದ್ದು. ಬ್ಯಾರನೆಸ್ ಅವರ ಹಿಂದೆ ಚೀಲ ಹಿಡಿದು ನಿಂತಿದ್ದ ನನ್ನ ಮುಂದೆಯೇ ಅವಳು ಮೈಸೂರು ಸಿಲ್ಕಿನ ಸೆರಗು ಸರಿಮಾಡಿಕೊಳ್ಳುತ್ತ ಹೋದಳು. ಹೋಗುವಾಗ ತನ್ನ ವ್ಯಾನಿಟಿ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.

ಪದವಿಗೆ ತಕ್ಕಂತೆ ಈಗ ಲಾಂಛನವೊಂದನ್ನು ನೋಂದಾಯಿಸಬಹುದಂತೆ. ಹಸಿರು ಹಿನ್ನೆಲೆ, ಕೆಂಪು ಅಂಚು, ನಡುವೆ ಕೊಳಗ ಎಂದು ಇವಳು ಬರೆದುಕೊಟ್ಟಳು. ಆಗದು ಎಂದ ಹೆರಾಲ್ಡ್. ಅವರ ಶಾಸ್ತ್ರದಲ್ಲಿ ಹಳದಿ, ಬಿಳಿ ಎರಡು ಲೋಹಗಳು, ಮಿಕ್ಕವು ಬಣ್ಣಗಳು. ಬಣ್ಣದ ಮೇಲೆ ಬಣ್ಣ ಕೂಡದು, ದೂರದಿಂದ ಕಾಣುವುದಿಲ್ಲ.

"ಹಸಿರು ಸೀರೆಗೆ ಕೆಂಪಂಚು ಕಾಣಲ್ಲ ಅಂತ ಹೇಳೋಕೆ ಇವನ್ಯಾರು?" ಎಂದು ಇವಳು ಇಳಕಲ್ ಸೀರೆಯನ್ನೇ ಬೀರುವಿನಿಂದ ತೆಗೆದು ಪಾರ್ಕಿಗೆ ತಂದಳು. ಒಂದು ತುದಿ ನನ್ನ ಕೈಲಿ, ಇನ್ನೊಂದು ವೈಕಿಂಗಿನ ಕೈಲಿ. ಹೆರಾಲ್ಡ್ ಹಿಂದೆ ಹಿಂದೆ ಹೋಗುತ್ತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಇನ್ನೂ ಹಿಂದೆ ಹೋಗೋಕೆ ಹೇಳ್ರೀ, ಕಾರ್ ಪಾರ್ಕಿಂಗ್‌ವರೆಗೂ" ಎಂದು ಇವಳು ನನ್ನ ಮೂಲಕ ಅಪ್ಪಣೆ ಕೊಡುತ್ತಿದ್ದಳು.