ಬೋಟಿ ಮೀಮಾಂಸೆ

ಅಮೆರಿಕದ ಲೂಯಿಸಿಯಾನಾ ಪ್ರಾಂತ್ಯದ ಕೇಜನ್ ಜನರು ಹಂದಿಯ ಮಾಂಸ, ಯಕೃತ್ತು ಮತ್ತು ಅನ್ನಗಳನ್ನು ಮಸಾಲೆಯೊಡನೆ ಕರುಳಿನೊಳಗೆ ತುಂಬಿ ಬೇಯಿಸಿ, ಅದಕ್ಕೆ ‘ಬೂಡಾನ್’ ಎಂಬ ನಾಮಧೇಯವನ್ನಿತ್ತು, ಯಾವ ಅಂಗಡಿಯದು ಶ್ರೇಷ್ಠವೆಂಬ ವಾಗ್ವಾದದಲ್ಲಿ ಆಯುಷ್ಯವನ್ನು ಸವೆಸುವರಂತೆ. ನಮ್ಮ ಆನೇಕಲ್ ಸೀಮೆಯವರು ಆ ತುಂಬುವ ಶ್ರಮವನ್ನು ವಹಿಸಲಿಲ್ಲ. ಕರುಳನ್ನೇ, ಅಂದರೆ ಬೋಟಿಯನ್ನೇ, ಗೊಜ್ಜು ಮಾಡಿ ರಾಗಿಮುದ್ದೆಯೊಡನೆ ನುಂಗಿದರೆ ಮಿಕ್ಕ ಕಾರ್ಯವು ಉದರದಲ್ಲಿ ತಾನಾಗಿಯೇ ನೆರವೇರುವುದೆಂಬುದು ಅವರ ಸಿದ್ಧಾಂತವಾಗಿದ್ದೀತು.

ಆದಿತ್ಯವಾರದ ಪ್ರಾತಃಕಾಲದಲ್ಲಿ ಅದೇ ಸೀಮೆಯ ಜಿಗಣಿಯ ಮಟನ್ ಅಂಗಡಿಯೆದುರು, ಕಾರ್ಖಾನೆಯ ರಾತ್ರಿಪಾಳಿಯನ್ನು ಮುಗಿಸಿ ಬಂದ ಕಾರ್ಮಿಕನೂ ಸಾಫ್ಟ್‌ವೇರ್ ಪಂಡಿತನೂ ಭೇದವಿಲ್ಲದೆ ಚೀಲ ಹಿಡಿದು, “ಅಣ್ಣಾ, ನಮ್ಗೆ ಬೋಟಿ ಮಡಗಿದ್ದೀಯಾ?” ಎಂದು ದೀನಸ್ವರದಿಂದ ಪ್ರಾರ್ಥಿಸುವುದನ್ನು ನೋಡಬೇಕು! ಕುರಿ ದೊಡ್ಡದಾದರೂ ಬೋಟಿ ಒಂದೇ. ಆದಕಾರಣ ವಶೀಲಿಯಿಲ್ಲದವನಿಗೆ ಅದು ದುರ್ಲಭ. ಬನ್ನೂರು ಕುರಿಯೆಂದು ಅಂಗಡಿಯವನು ಆಣೆಯಿಟ್ಟರೆ ನಸುನಕ್ಕು ಸುಮ್ಮನಿರುವುದು ಲೇಸು; ಆತನ ಕೈಯಲ್ಲಿರುವುದು ಕತ್ತಿ.

ನನ್ನನ್ನು ಕೇಳಿದರೆ, ಯುಗಾದಿಯ ಮರುದಿನ, ವರ್ಷತೊಡಕಿನಂದು, ಹಳ್ಳಿಗರು ಸೇರಿ ಕುರಿ ಕೊಯ್ದು, ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆಮಾಂಸದೊಡನೆ ಬರುವ ಬೋಟಿಗೆ ಯಾವ ಅಂಗಡಿಯದೂ ಸಾಟಿಯಲ್ಲ. ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು, ಕಡಲೆಕಾಳಿನೊಡನೆ ಬೇಯಿಸುವವರು ಮನೆಯಲ್ಲಿರಬೇಕು, ಅಷ್ಟೇ. ಇಲ್ಲದವರು ಮಿಲಿಟರಿ ಹೋಟೆಲಿಗೆ ಹೋಗತಕ್ಕದ್ದು, ಅದೂ ಮಧ್ಯಾಹ್ನಕ್ಕೆ ಮುಂಚೆಯೇ.